ವೈಸು ಕೆಡಿಸಿದ ಮಹಾನುಭಾವ

"ಈ ಲಾಂದ್ರನ ನಾನು ನೆಟ್ಟಗೆ ಮಾಡಿ ನೇತುಹಾಕ್ಲಿಲ್ಲ ಅಂದ್ರೆ, ನನ್ನನ್ನ ಬಯೂಮಿ ಅಂತ ಕರೀಬೇಡಿ."

ಕೈರೋದ ಆ ಗಲ್ಲಿಯ ಕಾಫಿ ಅಂಗಡಿಯಲ್ಲಿ ಹಾಜಿ ಬಯೂಮಿ ಎದ್ದು ನಿಂತು ಹೀಗೆ ಘೋಷಿಸಿದಾಗ ರಂಜಾನ್ ತಿಂಗಳಿಗೆ ಐದೇ ದಿನ ಬಾಕಿ ಇತ್ತು.

ಆಳೆತ್ತರದ ಲಾಂದ್ರ ಅದು. ತಗಡು, ಬಣ್ಣದ ಗಾಜು, ಕಬ್ಬಿಣದ ಪಟ್ಟಿಯ ಚೌಕಟ್ಟು. ಬಯೂಮಿಯ ಮಾವ ತನ್ನ ಕೈಯಾರೆ ಮಾಡಿದ್ದು. ಅವರು ತೀರಿಕೊಂಡ ಮೇಲೂ ಪ್ರತಿ ರಂಜಾನಿನಲ್ಲಿ ಗಲ್ಲಿಯ ನಡುವೆ ಹಗ್ಗದ ಮೇಲೆ ತೂಗುತ್ತಿತ್ತು. ಈ ಸಲ ಹೊರತೆಗೆದು ಗೋಡೆಗೆ ಒರಗಿಸಿದ್ದಾಗ ಮಂಚ ಸಾಗಿಸುತ್ತಿದ್ದ ಕತ್ತೆಗಾಡಿಯೊಂದು ಗುದ್ದಿ, ಚೌಕಟ್ಟು ಹಾಗಲಕಾಯಿಯ ಹಾಗೆ ಸೊಟ್ಟಗಾಗಿತ್ತು. ಗಲ್ಲಿಯವರು ಅದನ್ನು ಗುಜರಿಗೆ ಹಾಕಿ, ಗುಂಡಿ ಒತ್ತಿದರೆ ಹಾಡುವ ಪ್ಲಾಸ್ಟಿಕ್ ಲಾಂದ್ರ ತರುವ ಮಾತಾಡುತ್ತಿದ್ದರು. ಬಯೂಮಿಯ ಹೆಂಡತಿ ನಫೂಸಾ ಮಾತ್ರ ಅಪ್ಪನ ಲಾಂದ್ರದ ಮೇಲೆ ಒಂದು ಹಳೇ ಚಾದರ ಹೊದಿಸಿ, ಜ್ವರ ಬಂದವರ ಪಕ್ಕ ಕೂತ ಹಾಗೆ ಕೂತುಬಿಟ್ಟಳು. ಅದನ್ನು ನೋಡಿಯೇ ಬಯೂಮಿಗೆ ಪೌರುಷ ಬಂದದ್ದು.

"ನಿನಗೆ ಕಬ್ಬಿಣದ ಕೆಲಸ ಎಲ್ಲಿ ಬರುತ್ತೆ ಹಾಜಿ?" ಎಂದು ಕೇಳಿದವನು ಮುದುಕ ದಿಸೂಕಿ. ಉಸ್ತಾ ದಿಸೂಕಿ ಎಂದರೆ ಗಲ್ಲಿಗೇ ದೊಡ್ಡ ತಗಡಿನ ಕೆಲಸಗಾರ. ಕಣ್ಣು ಮಂಜಾದ ಮೇಲೆ ಸಾಮಾನೆಲ್ಲ ಮಾರಿ, ಕಪ್ಪು ಕನ್ನಡಕ ಹಾಕಿಕೊಂಡು ಕಾಫಿ ಅಂಗಡಿ ಸೇರಿದ್ದ.

"ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರು ಓದಿದೀನಿ ಉಸ್ತಾ. ಮೀಟರೇನು ಮರದ್ದಾ?"

"ಸರಿ. ಪಟ್ಟಿ ನೆಟ್ಟಗೆ ಮಾಡೋಕೆ ಗಟ್ಟಿ ವೈಸು ಬೇಕು. ಎರಡು ಕಬ್ಬಿಣದ ದವಡೆ ಮಧ್ಯೆ ಕಚ್ಚಿ ಹಿಡ್ಕೋಬೇಕು, ಬಿಡಬಾರದು."

ಮರುದಿನ ಶುಕ್ರವಾರ. ನಮಾಜು ಮುಗಿದದ್ದೇ ತಡ, ಬಯೂಮಿ ಹಳೇ ಸಾಮಾನಿನ ಸಂತೆಗೆ ನುಗ್ಗಿ ಒಂದು ವೈಸು ತಂದ. ಕುರಿಯ ತಲೆಯಷ್ಟು ದೊಡ್ಡದು. ಮೇಲೆ ಡಾಂಬರಿನಂಥ ಕಪ್ಪು ಬಣ್ಣ, ಸಂದುಗೊಂದಿಗಳಲ್ಲಿ ತುಕ್ಕು. ದವಡೆಗಳು ಮುಷ್ಕರ ಹೂಡಿದವರಂತೆ ಬಿಗಿದುಕೊಂಡಿದ್ದವು. ಹಿಡಿ ಎರಡೂ ಕಡೆ ಒಂದು ಎಳ್ಳಿನಷ್ಟೂ ತಿರುಗುತ್ತಿರಲಿಲ್ಲ.

ಅದನ್ನು ಹೊತ್ತು ಐದು ಮಹಡಿ ಹತ್ತುವುದು ಮೀಟರು ಓದುವವನ ಅಂತಸ್ತಿಗೆ ತಕ್ಕದ್ದಲ್ಲವೆಂದು, ನಫೂಸಾ ಕಿಟಕಿಯಿಂದ ರೊಟ್ಟಿ ಟೊಮೇಟೊ ಎಳೆದುಕೊಳ್ಳುವ ಹಗ್ಗದ ಬುಟ್ಟಿಯಲ್ಲಿ ವೈಸನ್ನು ಇಟ್ಟು, "ಎಳಿ ಉಮ್ ರಬಾಬ್" ಎಂದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಮಗಳ ಹೆಸರಿನಿಂದಲೇ: ಅವಳು ಉಮ್ ರಬಾಬ್, ರಬಾಬಳ ಅಮ್ಮ; ಅವನು ಅಬು ರಬಾಬ್, ರಬಾಬಳ ಅಪ್ಪ. ಅವಳು ಎಳೆದಳು. ವೈಸು ಬೀದಿಯಲ್ಲೇ ಉಳಿಯಿತು. ತಳ ಕಳಚಿದ ಬುಟ್ಟಿ ಮಾತ್ರ ಬಹಳ ಗಾಂಭೀರ್ಯದಿಂದ ಮೇಲೇರಿತು.

ಹೊತ್ತೇ ಹತ್ತಿದ. ಮಾಳಿಗೆಯ ಮೇಲೆ, ಪಾರಿವಾಳದ ಗೂಡಿನ ಪಕ್ಕ, ಕಾರ್ಯಾಗಾರದ ಉದ್ಘಾಟನೆಯಾಯಿತು.

ಮೊದಲು ತಂತಿ ಬ್ರಷ್ಷು. ಕಪ್ಪು ಉದುರಿದರೆ ಒಳಗೆ ನೀಲಿ. ನೀಲಿ ಕೆರೆದರೆ ಅದರಡಿ ದಪ್ಪನೆಯ ಹಸಿರು. ಆ ಹಸಿರನ್ನು ತಿರುಪಿನ ಸುತ್ತುಗಳ ಒಳಗೂ, ಎಣ್ಣೆ ಬಿಡುವ ತೂತಿನ ಒಳಗೂ ಬಳಿದಿದ್ದರು.

"ನೋಡು ಉಮ್ ರಬಾಬ್, ತಿರುಗೋ ಜಾಗಕ್ಕೆ ಯಾರಾದ್ರೂ ಬಣ್ಣ ಬಳೀತಾರಾ? ಯಾವ ಕತ್ತೆಯ ಕೈಗೆ ಸಿಕ್ಕಿತ್ತೋ ಇದು!"

ನಫೂಸಾ ಬಗ್ಗಿ ಹಸಿರನ್ನು ನೋಡಿದಳು. ಎದ್ದು ನಿಂತು ಕೆಳಗಿನ ತಮ್ಮ ಕಿಟಕಿಯ ಬಾಗಿಲನ್ನೂ ನೋಡಿದಳು. ಆಮೇಲೆ ಹೋಗಿ ಪುದೀನ ಹಾಕಿದ ಚಹಾ ತಂದಳು. ಕೇಳದೆ ಚಹಾ ಬರುವುದು ಆ ಮನೆಯಲ್ಲಿ ಹಬ್ಬಕ್ಕೊಮ್ಮೆ.

"ಕತ್ತೆ ಅಂದ್ರಲ್ಲ ಅಬು ರಬಾಬ್," ಎಂದಳು ಮೆಲ್ಲಗೆ, "ಬರೀ ಕತ್ತೆನಾ?"

"ಕತ್ತೆಗೂ ಸ್ವಲ್ಪ ವಿವೇಕ ಇರುತ್ತೆ."

"ಹೌದಾ? ಹೇಳಿ, ಹೇಳಿ."

ಎರಡನೆಯ ದಿನ ಸೀಮೆಎಣ್ಣೆ ಸುರಿದ. ವೈಸು ಸಡಿಲವಾಗಲಿಲ್ಲ, ಒಣಹಾಕಿದ್ದ ಬಟ್ಟೆಗೆಲ್ಲ ವಾಸನೆ ಹಿಡಿಯಿತು. ಮೂರನೆಯ ದಿನ ಉಪ್ಪಿನಕಾಯಿಗೆಂದು ಇಟ್ಟಿದ್ದ ವಿನೆಗರ್ ಪೂರ್ತಿ ಸುರಿದು ನೆನೆಹಾಕಿದ. ನಾಲ್ಕನೆಯ ದಿನ ಅವರೆ ಬೇಯಿಸುವ ದೊಡ್ಡ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದ. ಹಂಡೆಯ ಕಲಾಯಿ ಹೋಯಿತು, ಹಿಡಿ ಮಾತ್ರ ಅಲ್ಲಾಡಲಿಲ್ಲ. ಬೇರೆ ದಿನಗಳಾಗಿದ್ದರೆ ಇದರಲ್ಲಿ ಒಂದೊಂದಕ್ಕೂ ಒಂದೊಂದು ವಾರ ಮಾತು ನಿಲ್ಲುತ್ತಿತ್ತು. ಈಗ ಪ್ರತಿ ಸೋಲಿಗೂ ಬಯೂಮಿ ಆ ಹಿಂದಿನ ಮಾಲೀಕನ ಜನ್ಮ ಜಾಲಾಡುತ್ತಿದ್ದ, ನಫೂಸಾ ಎದುರಿಗೆ ಕೂತು ಕೈಮೇಲೆ ಗಲ್ಲವಿಟ್ಟು ಕೇಳುತ್ತಿದ್ದಳು, ಚಹಾ ಬರುತ್ತಿತ್ತು.

"ಸೋಮಾರಿ. ಅರ್ಧ ಕೆಲಸ ಮಾಡಿ ಕೈಬಿಡೋ ಜಾತಿ."

"ಎಷ್ಟು ಸರಿಯಾಗಿ ಹೇಳಿದ್ರಿ."

"ಅವನ ಹೆಂಡತಿ ಹೇಗೆ ಬಾಳಿದ್ಳೋ ಪಾಪ."

"ಸಹನೆ ಇರೋರ ಜೊತೆ ಅಲ್ಲಾಹ್ ಇರ್ತಾನೆ" ಎಂದು ನಫೂಸಾ ಜಪಮಣಿ ಸರಿಸಿದಳು.

ಐದನೆಯ ದಿನ ಸಂಜೆ ಚಂದ್ರ ಕಂಡರೆ ಮರುದಿನದಿಂದ ಉಪವಾಸ. ಮಧ್ಯಾಹ್ನದ ಹೊತ್ತಿಗೆ ಗಲ್ಲಿಯವರು ಪ್ಲಾಸ್ಟಿಕ್ ಲಾಂದ್ರ ತರಲು ಒಬ್ಬನನ್ನು ಕಳಿಸಲು ಸಿದ್ಧರಾದರು. ಬಯೂಮಿ ಅಭಿಮಾನವನ್ನು ಮಡಚಿ ಜೇಬಿಗಿಟ್ಟು, ದಿಸೂಕಿಯ ಕೈ ಹಿಡಿದು ಐದು ಮಹಡಿ ಹತ್ತಿಸಿದ.

ದಿಸೂಕಿ ಹಿಡಿಯನ್ನು ಮುಟ್ಟಲೇ ಇಲ್ಲ. ವೈಸನ್ನು ಮಗ್ಗುಲು ಮಲಗಿಸಲು ಹೇಳಿ, ಬೆರಳುಗಳಿಂದ ಅದರ ಹೊಟ್ಟೆಯನ್ನು ತಡವಿದ.

"ತಿರುಪು ಚೆನ್ನಾಗಿದೆ. ಒಳಗಿನ ನಟ್ಟು ಸಡಿಲ ಅಂತ ಯಾರೋ ಅದರ ಕೆಳಗೆ ತಗಡು ತುರುಕಿದಾರೆ. ಅದು ತುಕ್ಕು ಹಿಡಿದು ಕಚ್ಕೊಂಡಿದೆ. ಉಳಿ ಕೊಡು."

ನಾಲ್ಕು ಪೆಟ್ಟು. ಒಳಗಿಂದ ಏನೋ ಠಣ್ಣನೆ ಉದುರಿತು. ಬಯೂಮಿ ಹಿಡಿಗೆ ಕೈ ಹಾಕಿದರೆ, ಐದು ದಿನ ಅಲ್ಲಾಡದಿದ್ದ ವೈಸು ಬೆಣ್ಣೆಯಂತೆ ತಿರುಗಿ ಬಾಯಿ ತೆರೆಯಿತು.

"ತಗಡಲ್ಲ ಇದು," ಎಂದ ದಿಸೂಕಿ, ಉದುರಿದ್ದನ್ನು ಸವರುತ್ತ. "ಚಮಚ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದಾರೆ. ಹಿಡಿಯ ಮೇಲೆ ಗುಲಾಬಿ ಹೂ ಇದೆ."

ಬಯೂಮಿಗೆ ನಗು ತಡೆಯಲಾಗಲಿಲ್ಲ. "ವೈಸಿನೊಳಗೆ ಚಮಚ! ಕೇಳಿದ್ಯಾ ಉಮ್ ರಬಾಬ್? ಅಡುಗೆಮನೆಯಿಂದ ಚಮಚ ಕದ್ದು ವೈಸಿಗೆ ತುರುಕೋ ಮಹಾನುಭಾವ ಈ ಈಜಿಪ್ಟಿನಲ್ಲಿ ಇನ್ನೊಬ್ಬ ಇರೋದಕ್ಕೆ ಸಾಧ್ಯಾನಾ?"

"ಇಲ್ಲ. ಒಬ್ಬರೇ" ಎಂದಳು ನಫೂಸಾ. ಕೆಳಗೆ ಹೋದಳು. ಮದುವೆಯಲ್ಲಿ ತವರಿನಿಂದ ಬಂದ ಅರ್ಧ ಡಜನ್ ಚಮಚಗಳಲ್ಲಿ ಉಳಿದಿದ್ದ ಐದನ್ನು ತಂದು, ಚಪ್ಪಟೆಯಾದದ್ದರ ಪಕ್ಕ ಸಾಲಾಗಿ ಜೋಡಿಸಿದಳು. ಆರು ಗುಲಾಬಿಗಳು ಬಯೂಮಿಯನ್ನು ನೋಡಿದವು.

ಬಯೂಮಿ ಬಗ್ಗಿ ಗುಲಾಬಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಹಿಂದೆ ನನ್ನ ಹತ್ರ ಇದ್ದ ವೈಸು ಬೂದು ಬಣ್ಣದ್ದು" ಎಂದ ಬಯೂಮಿ.

"ರಬಾಬ್ ಮದುವೆಗೆ ಅಂತ ಕಿಟಕಿಗೆ ಬಳಿದು ಮಿಕ್ಕಿದ ಹಸಿರನ್ನ ಅದಕ್ಕೆ ಬಳಿಯೋ ತನಕ ಬೂದು. ಆಮೇಲೆ ತಿರುಗ್ತಿಲ್ಲ ಅಂತ ನೀವೇ ಬೈದು ಹಳೇ ಸಾಮಾನಿನವನ ಗಾಡಿಗೆ ಎಸೆದ್ರಿ. ಹನ್ನೆರಡು ವರ್ಷ ಆಯ್ತು."

"ಮೊದಲ ದಿನವೇ ಗೊತ್ತಾಗಿತ್ತಾ ನಿನಗೆ? ಮತ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ ಅಬು ರಬಾಬ್? ಆ ಮನುಷ್ಯನ ಬಗ್ಗೆ ನಾನು ಹನ್ನೆರಡು ವರ್ಷದಿಂದ ಅನ್ಬೇಕು ಅಂತಿದ್ದ ಮಾತೆಲ್ಲ ನೀವೇ ಅಷ್ಟು ಚೆನ್ನಾಗಿ ಅಂತಿದ್ರಿ. ಮಧ್ಯೆ ಬಾಯಿ ಹಾಕೋದು ಮರ್ಯಾದೆಯಾ?"

ಉಸ್ತಾ ದಿಸೂಕಿ ಕಪ್ಪು ಕನ್ನಡಕ ತೆಗೆದು, ನಕ್ಕು ಒದ್ದೆಯಾದ ಕಣ್ಣೊರೆಸಿಕೊಂಡ. ಕಣ್ಣಿನ ಡಾಕ್ಟರು ಅವನಿಗೆ ನಗಬಾರದೆಂದು ಹೇಳಿರಲಿಲ್ಲ.

ಇಳಿಹೊತ್ತಿನ ಅಸ್ರ್ ನಮಾಜಿನಿಂದ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ತನಕ ವೈಸು ಪಟ್ಟಿಗಳನ್ನು ಕಚ್ಚಿ ಹಿಡಿಯಿತು, ದಿಸೂಕಿ ಬೆರಳಿನಲ್ಲಿ ನೋಡಿ ಹೇಳಿದ, ಬಯೂಮಿ ಹೇಳಿದಲ್ಲೆಲ್ಲ ಬಡಿದ. ಚಂದ್ರ ಕಂಡ ಸುದ್ದಿ ಬಂದಾಗ ಮಾವನ ಲಾಂದ್ರ ಗಲ್ಲಿಯ ನಡುವೆ ಸ್ವಲ್ಪ ಎಡಕ್ಕೆ ವಾಲಿಕೊಂಡು ಉರಿಯುತ್ತಿತ್ತು. ನಫೂಸಾ ಕಿಟಕಿಯಲ್ಲಿ ನಿಂತು ತೀರಿಹೋದ ಅಪ್ಪನಿಗಾಗಿ ಫಾತಿಹಾ ಪ್ರಾರ್ಥನೆ ಓದಿದಳು.

ಮರುದಿನ ಸಂಜೆ ಮಗಳ ಸಂಸಾರವೂ ಬಂದು ಊಟಕ್ಕೆ ಕೂತಿದ್ದಾಗ, ಉಪವಾಸ ಬಿಡುವ ಹೊತ್ತಾಯಿತೆಂದು ಫಿರಂಗಿ ಹಾರಿತು. ಖರ್ಜೂರ ಬಾಯಿಗೆ ಹಾಕಿಕೊಂಡು ಬಯೂಮಿ ಬಿಸಿ ಬೇಳೆ ಸಾರಿನ ಬಟ್ಟಲಿಗೆ ಕೈಚಾಚಿದ. ಪಕ್ಕದಲ್ಲಿ ಇದ್ದದ್ದು ಗುಲಾಬಿಯ ಚಮಚ, ಬೂದಿಯಲ್ಲಿ ತಿಕ್ಕಿ ಥಳಥಳಿಸುವಂತೆ ಮಾಡಿದ್ದು, ರೂಲುಪಟ್ಟಿಯಷ್ಟು ಚಪ್ಪಟೆ. ಅದ್ದಿ ಎತ್ತಿದರೆ ಒಂದು ಹನಿ ನಿಲ್ಲಲಿಲ್ಲ.

"ಬೇರೆ ಚಮಚ ಕೊಡೇ."

"ಮಗಳು, ಅಳಿಯ, ಮೊಮ್ಮಕ್ಕಳು ಇಬ್ಬರು, ನಾನು. ಐದು ಆಯ್ತು" ಎಂದಳು ನಫೂಸಾ, ರೊಟ್ಟಿ ಮುರಿಯುತ್ತ. "ಮೇಲೆ ವೈಸು ಇದೆಯಲ್ಲ. ಹೋಗಿ ಬಗ್ಗಿಸ್ಕೊಂಡು ಬನ್ನಿ."