ಮಗನ ಕೂದಲಿನ ಹರಕೆ

ನವರಾತ್ರಿಯಿಂದ ದೀಪಾವಳಿವರೆಗಿನ ದಿನಗಳು ನಮ್ಮ ಮನೆಯಲ್ಲಿ ಏನೂ ಆಗದೆ ಕಳೆದದ್ದು ನನಗೆ ನೆನಪಿಲ್ಲ. ಪ್ರತಿ ವರ್ಷ ಒಂದಲ್ಲ ಒಂದು ಆಗುತ್ತದೆ. ನಗುವಂಥದ್ದೇ ಹೆಚ್ಚು, ಆದರೆ ನಗು ಬರುವುದು ಆಮೇಲೆ. ಆಗುವಾಗ ಬರುವುದಿಲ್ಲ.

ನಾನು ಹಿಂದೆ ಏನೂ ಬರೆದವಳಲ್ಲ. ಹಾಗಾಗಿ ಯಾರು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆ ಕಾಪುವಿನಲ್ಲಿ. ನನಗೆ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ದಿನಾ ಬಸ್ಸಿನಲ್ಲಿ ಉಡುಪಿಗೆ ಹೋಗಿ, ಅಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋಗಬೇಕು. ಬಸ್ಸಿನ ವಿಷಯ ಹೇಳಿದ್ದು ಯಾಕೆಂದರೆ ಮುಂದೆ ಒಂದು ಬಸ್ಸು ಬರುತ್ತದೆ. ನಮ್ಮವರಿಗೆ ಕಟಪಾಡಿಯಲ್ಲಿ ಬಟ್ಟೆ ಅಂಗಡಿ. ಹಬ್ಬದ ತಿಂಗಳಲ್ಲಿ ಅವರು ಊಟಕ್ಕೂ ಮನೆಗೆ ಬರುವುದು ಕಷ್ಟ. ಮನೆಯಲ್ಲಿ ಅತ್ತೆ, ಮತ್ತೆ ಹತ್ತನೇ ಕ್ಲಾಸಿನ ಮಗ. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ, ಅದು ನಾನು ಮಾಡಿದ್ದು.

ಇದು ಎಂಬತ್ತರ ದಶಕ ಶುರುವಾದಾಗಿನ ಒಂದು ವರ್ಷದ ಕತೆ. ಆ ವರ್ಷ ದೀಪಾವಳಿ ಮುಗಿದದ್ದೇ ಕಾರ್ಕಳದಲ್ಲಿ ನನ್ನ ತಮ್ಮನ ಮದುವೆ ಇತ್ತು. ಮದುವೆಗೆ ಫೋಟೋದವರು ಬರುತ್ತಾರೆ, ಕಲರ್ ಫೋಟೋ ಎಂದು ಮಗನಿಗೆ ಯಾರೋ ಹೇಳಿದ್ದರು. ಅವತ್ತಿನಿಂದ ಅವನಿಗೆ ಬೇಕಾದದ್ದು ಒಂದೇ. ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು, ಮಾವನ ಪಕ್ಕದಲ್ಲಿ ನಿಂತು ಆ ಫೋಟೋದಲ್ಲಿ ಬರಬೇಕು. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

ಎಣ್ಣೆ

ಆ ಕೂದಲನ್ನು ಮಗ ಸ್ಟೈಲ್ ಎನ್ನುತ್ತಿದ್ದ. ನಮ್ಮವರು ಹಿಪ್ಪಿ ಎನ್ನುತ್ತಿದ್ದರು. ಅತ್ತೆಗೆ ಕೂದಲು ಉದ್ದ ಇದ್ದುದರ ಬಗ್ಗೆ ತಕರಾರು ಇರಲಿಲ್ಲ, ಅದರಲ್ಲಿ ಎಣ್ಣೆ ಇಲ್ಲದ್ದೇ ದುಃಖ. ಎಣ್ಣೆ ಹಾಕಿದರೆ ಕೂದಲು ತಲೆಗೆ ಅಂಟಿಕೊಳ್ಳುತ್ತದೆ ಎಂದು ಮಗ ಹತ್ತಿರ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಉಂಡು ಚಾವಡಿಯಲ್ಲಿ ಮಲಗಿದ್ದ. ಅತ್ತೆ ಮೆಲ್ಲಗೆ ಬಂದು ಒಂದು ಗಿಂಡಿ ತೆಂಗಿನೆಣ್ಣೆಯನ್ನು ಅವನ ನೆತ್ತಿಗೆ ಸುರಿದು ತಟ್ಟಿದರು. ಅವನು ಎದ್ದು ಕನ್ನಡಿ ನೋಡಿ ಕೂಗಿಕೊಂಡ.

"ಅಜ್ಜಿ, ಎಂತ ಮಾಡಿದ್ದು ನೀವು?"

"ನಾನು ಎಂತದೂ ಮಾಡಲಿಲ್ಲ. ನಿನ್ನ ತಲೆ ಎಣ್ಣೆ ಕುಡಿಯಿತು, ಪಾಪ, ಎಷ್ಟು ಬಾಯಾರಿತ್ತೋ" ಎಂದರು ಅತ್ತೆ.

ಸೀಗೆಪುಡಿಯಿಂದ ಎಣ್ಣೆ ಹೋಗಲಿಲ್ಲ. ಅವನು ಬಾವಿಕಟ್ಟೆಗೆ ಹೋಗಿ ಬಟ್ಟೆ ಒಗೆಯುವ ಸಾಬೂನು ಹಾಕಿ ತಿಕ್ಕಿದ. ಒಣಗಿದ ಮೇಲೆ ಕೂದಲು ಮೊದಲಿಗಿಂತ ಎರಡು ಪಾಲು ಎದ್ದು ನಿಂತಿತು. ಅವನಿಗೆ ಬೇಕಾಗಿದ್ದದ್ದೂ ಅದೇ. ಆ ವಾರದಿಂದ ನಮ್ಮ ಮನೆಯಲ್ಲಿ ಬಟ್ಟೆ ಸಾಬೂನು ಬೇಗ ಬೇಗ ಮುಗಿಯತೊಡಗಿತು. ಬಟ್ಟೆಗಳ ಕೊಳೆ ಮಾತ್ರ ಹಾಗೆಯೇ ಉಳಿಯಿತು.

ಸೆಲೂನು

ಕೊನೆಗೆ ನಮ್ಮವರು ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಗನನ್ನು ಸೆಲೂನಿಗೆ ಕರೆದುಕೊಂಡು ಹೋದರು. ಕಳಿಸಿದರೆ ಅವನು ಬಾಚಿಸಿಕೊಂಡು ಬರುತ್ತಾನೆ ಎಂದು ಸ್ವತಃ ಹೋದದ್ದು. ಅಲ್ಲಿ ಯಾವಾಗಲೂ ಕೂದಲು ಕತ್ತರಿಸುವ ಹಳಬರು ಇರಲಿಲ್ಲ. ಅವರ ಮಗ ಬೊಂಬಾಯಿಯಿಂದ ಬಂದು ಅಂಗಡಿ ನೋಡಿಕೊಳ್ಳುತ್ತಿದ್ದ. ಅವನ ಕೂದಲು ಭುಜ ಮುಟ್ಟುತ್ತಿತ್ತು.

"ಇವನ ಕೂದಲು ಸ್ವಲ್ಪ ಸರಿ ಮಾಡಬೇಕಿತ್ತು" ಎಂದರಂತೆ ನಮ್ಮವರು.

ಆತ ಮಗನ ತಲೆಯನ್ನು ಸುತ್ತ ತಿರುಗಿ ನೋಡಿ, "ಇದು ಸರಿಯಾಗಿಯೇ ಉಂಟಲ್ಲ. ಸರಿ ಮಾಡಬೇಕಾದದ್ದು ನಿಮ್ಮದು. ನೀವು ಕೂತುಕೊಳ್ಳಿ" ಎಂದನಂತೆ. ನಮ್ಮವರು ಅಂಗಡಿಯಲ್ಲಿ ಎಂಥ ಗಿರಾಕಿಯ ಬಾಯಿಯನ್ನೂ ಮುಚ್ಚಿಸುತ್ತಾರೆ. ಆದರೆ ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿದರೆ ಅವರಿಗೆ ಮಾತೇ ಬರುವುದಿಲ್ಲ. ಅದು ಮೊದಲಿನಿಂದಲೂ ಹಾಗೆ.

ಮನೆಗೆ ಬರುವಾಗ ಮಗ ಹೋದ ಹಾಗೆಯೇ ಇದ್ದ. ನಮ್ಮವರ ಕಿವಿಯ ಪಕ್ಕದ ಕೂದಲು ಸಿನಿಮಾದವರ ಹಾಗೆ ಚೂಪು ಕೃದಾ ಆಗಿತ್ತು, ಹಣೆಯ ಮೇಲೆ ಒಂದು ಸುರುಳಿ. ಅತ್ತೆ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದರು.

"ಒಬ್ಬನನ್ನು ಸರಿ ಮಾಡಿಸಲು ಹೋಗಿ ಇಬ್ಬರು ಕೆಟ್ಟು ಬಂದರಲ್ಲ."

ಬಸ್ಸಿನಲ್ಲಿ ಹೆಡ್ ಮಾಸ್ಟರರು

ಇದೇ ನಾನು ಹೇಳಿದ ಬಸ್ಸು. ಸಂಜೆ ಉಡುಪಿಯಿಂದ ಬರುತ್ತಿದ್ದೆ. ನಿಲ್ಲಲೂ ಜಾಗ ಇರಲಿಲ್ಲ. ಮಗನ ಶಾಲೆಯ ಹೆಡ್ ಮಾಸ್ಟರರು ಎರಡು ಸೀಟು ಮುಂದೆ ಕುಳಿತಿದ್ದವರು ನನ್ನನ್ನು ಕಂಡು ತಿರುಗಿದರು. ಅವರು ಬಹಳ ಶಿಸ್ತಿನವರು, ಬಹಳ ದೈವಭಕ್ತರು. ಈ ಎರಡೂ ಗುಣ ಮುಂದೆ ಬೇಕಾಗುತ್ತವೆ.

"ನಿಮ್ಮ ಮಗನ ಕೂದಲು ಕತ್ತರಿಸಿಯೇ ಬಿಡುತ್ತಿದ್ದೆ ನಾನು. ಕತ್ತರಿ ಕೈಯಲ್ಲಿತ್ತು. ಪುಣ್ಯಕ್ಕೆ ಅವನು ಸಮಯಕ್ಕೆ ಸರಿಯಾಗಿ ಹೇಳಿದ."

"ಎಂತ ಹೇಳಿದ ಸಾರ್?"

"ಹರಕೆಯ ಕೂದಲು ಅಂತ. ತಿರುಪತಿಗೆ ಮುಡಿ ಕೊಡಲಿಕ್ಕೆ ಉಂಟಲ್ಲ. ಕತ್ತರಿ ತಾಗಿದ್ದರೆ ನನ್ನ ಗತಿ ಎಂತ?"

ದೇವರಿಗೆ ಹೇಳಿಕೊಂಡ ಕೂದಲಿಗೆ ಮುಡಿ ಕೊಡುವವರೆಗೆ ಕತ್ತರಿ ತಾಗಿಸಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ಅಂಥ ಹರಕೆಯೇ ಇರಲಿಲ್ಲ. ಅಷ್ಟರಲ್ಲಿ ಬಸ್ಸಿನ ಅರ್ಧ ಜನ ನನ್ನ ಕಡೆ ತಿರುಗಿದ್ದರು. ಹಿಂದಿನ ಸೀಟಿನ ಒಬ್ಬರು ಕೈಯನ್ನೂ ಮುಗಿದರು. ಅಷ್ಟು ಜನರ ಮುಂದೆ ನನ್ನ ಮಗ ಸುಳ್ಳ ಎಂದು ಹೇಗೆ ಹೇಳುವುದು?

"ಹೌದು ಸಾರ್" ಎಂದೆ.

ಹೆಡ್ ಮಾಸ್ಟರರು ಎದ್ದು ನಿಂತು ನನಗೆ ಸೀಟು ಕೊಟ್ಟರು. ಅಷ್ಟು ವರ್ಷಗಳ ನನ್ನ ಪ್ರಯಾಣದಲ್ಲಿ ಆ ಹೊತ್ತಿನ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಅದೊಂದೇ ಸಲ. ಅದೂ ಸುಳ್ಳು ಹೇಳಿ.

ಬಾಯಿಂದ ಬಿದ್ದದ್ದು

ಮನೆಗೆ ಬಂದು ಮಗನನ್ನು ವಿಚಾರಿಸಿದೆ.

"ಸುಳ್ಳು ಹೇಳುವುದೇ ಆದರೆ ಧರ್ಮಸ್ಥಳ ಅನ್ನಬಹುದಿತ್ತಲ್ಲ. ತಿರುಪತಿಯೇ ಯಾಕೆ?"

"ಧರ್ಮಸ್ಥಳ ಹತ್ತಿರ ಆಯ್ತಲ್ಲ ಅಮ್ಮ. ನಾಳೆಯೇ ಹೋಗಿ ಬಾ ಅಂತಾರೆ. ತಿರುಪತಿ ದೂರ, ಮದುವೆಯವರೆಗೆ ಯಾರೂ ಕೇಳುವುದಿಲ್ಲ."

ಅತ್ತೆ ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅಲ್ಲಿಂದಲೇ ಕೇಳಿದರು.

"ತಿಮ್ಮಪ್ಪನ ಹೆಸರು ಹೇಳಿದೆಯಾ?"

"ಹೇಳಿದೆ ಅಜ್ಜಿ. ಆದರೆ ಅದು ಸುಮ್ಮನೆ ಹೇಳಿದ್ದು."

"ಸುಮ್ಮನೆಯಾ ಜೋರಾಗಿಯಾ ಅಂತ ದೇವರು ಕೇಳುವುದಿಲ್ಲ. ಬಾಯಿಂದ ಬಿದ್ದರೆ ಹರಕೆಯೇ."

ಅವರು ಆಗಲೇ ಎದ್ದು, ಅರಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ಇಟ್ಟರು. ಇದಕ್ಕೆ ಮುಡಿಪು ಕಟ್ಟುವುದು ಎನ್ನುತ್ತಾರೆ. ಕಟ್ಟಿದ ಮೇಲೆ ಹರಕೆ ತೀರಿಸಿಯೇ ತೀರಬೇಕು.

ಅಷ್ಟಕ್ಕೆ ಮುಗಿಯಲಿಲ್ಲ. ಕೂದಲು ಈಗ ಮಗನದ್ದಲ್ಲ, ದೇವರದ್ದು. ದೇವರಿಗೆ ಕೊಡುವ ಬಾಳೆಗೊನೆಯನ್ನು ಹೇಗೆ ಜೋಪಾನ ಮಾಡುತ್ತೇವೋ ಹಾಗೆ ಅತ್ತೆ ಅದನ್ನು ಜೋಪಾನ ಮಾಡತೊಡಗಿದರು. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಅಂಟಿಸಿ ಬಾಚಿ, ಒಂದು ಕೂದಲೂ ಉದುರದ ಹಾಗೆ ಹಿಂದೆ ಗಂಟು ಹಾಕಿ ಕಳಿಸುತ್ತಿದ್ದರು. ಅವನು ಬೇಡ ಎಂದರೆ, "ನಿನ್ನ ಹತ್ತಿರ ಯಾರು ಕೇಳಿದ್ದು?" ಎನ್ನುತ್ತಿದ್ದರು.

"ಕತ್ತರಿಸಿದ್ದರೇ ಒಳ್ಳೆಯದಿತ್ತು" ಎಂದು ಮಗ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದ.

ವ್ಯಾನಿನಲ್ಲಿ ಒಂದು ಸೀಟು

ದಸರಾ ರಜೆ ಶುರುವಾದ ಮರುದಿನ ಹೆಡ್ ಮಾಸ್ಟರರು ನಮ್ಮ ಮನೆಗೆ ಬಂದರು. ನಮ್ಮವರೂ ಅವತ್ತು ಅಪರೂಪಕ್ಕೆ ಮನೆಯಲ್ಲಿದ್ದರು. ಮಗನೇ ಕಾಫಿ ತಂದುಕೊಟ್ಟ.

"ನಾವು ಮನೆಯವರೆಲ್ಲ ವ್ಯಾನು ಮಾಡಿಕೊಂಡು ತಿರುಪತಿಗೆ ಹೋಗುತ್ತಿದ್ದೇವೆ. ಒಂದು ಸೀಟು ಖಾಲಿ ಉಂಟು. ನನಗೆ ಥಟ್ಟನೆ ನೆನಪಾದದ್ದು ನಿಮ್ಮ ಮಗ. ಪರೀಕ್ಷೆಯ ವರ್ಷ ಬೇರೆ, ಹರಕೆ ಬಾಕಿ ಇಡಬಾರದು" ಎಂದರು.

ಅತ್ತೆ ಎರಡೂ ಕೈ ಎತ್ತಿ ಮುಗಿದರು. ಮಗ ಕಾಫಿಯ ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತಿದ್ದ.

"ಸಾರ್, ನನಗೆ ಓದಲಿಕ್ಕೆ ತುಂಬ ಉಂಟು" ಎಂದ.

ಅದನ್ನು ಕೇಳಿ ಮೊದಲು ಗಾಬರಿಯಾದವರು ನಮ್ಮವರು. "ಇವನಿಗೆ ಹುಷಾರಿಲ್ಲವಾ ಎಂತ?" ಎಂದು ನನ್ನನ್ನು ಕೇಳಿದರು. ಅತ್ತೆ ಬಂದು ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ಲ. ಹೋಗಬಹುದು."

ಅವನು ಹೋದ. ಬರುವಾಗ ತಲೆ ನುಣ್ಣಗಿತ್ತು. ಮನೆಗೆ ಬಂದವನೇ ತಲೆಗೆ ಬೈರಾಸು ಸುತ್ತಿ ಕಿಟಕಿಯ ಹತ್ತಿರ ಕುಳಿತ. ಬೈರಾಸು ಅಂದರೆ ನಮ್ಮ ಕಡೆ ಟವೆಲು. ಅವನಿಗಿದ್ದ ಸಮಾಧಾನ ಒಂದೇ. ಅಲ್ಲಿ ಹೆಡ್ ಮಾಸ್ಟರರೂ ಅವನ ಪಕ್ಕದಲ್ಲೇ ಕುಳಿತು ಮುಡಿ ಕೊಟ್ಟಿದ್ದರು. "ನೋವಾಗುತ್ತದಾ ಮಾರಾಯ?" ಎಂದು ಅವರೇ ಇವನನ್ನು ಕೇಳಿದರಂತೆ.

ಶಾಲೆ ತೆರೆದ ದಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳಿಗೂ ನಗು ಬಂದಿತ್ತಂತೆ. ಆದರೆ ಯಾರೂ ನಗಲಿಲ್ಲ. ಮಗನ ತಲೆ ನೋಡಿ ನಕ್ಕರೆ ಹೆಡ್ ಮಾಸ್ಟರರ ತಲೆ ನೋಡಿ ನಕ್ಕ ಹಾಗೆ.

ಕಾರ್ಕಳದಲ್ಲಿ

ಮದುವೆಯ ದಿನ ಮಗನ ತಲೆಯ ಮೇಲೆ ಮಸಿ ಬಳಿದಷ್ಟು ಕೂದಲು ಬಂದಿತ್ತು. ನಮ್ಮ ಕಡೆ ದೊಡ್ಡ ಹುಡುಗನೊಬ್ಬ ತಲೆ ಬೋಳಿಸಿದ್ದು ಕಂಡರೆ ಜನ ಎರಡು ಕಾರಣ ಯೋಚಿಸುತ್ತಾರೆ. ಒಂದು ಹರಕೆ. ಇನ್ನೊಂದು, ತಂದೆ ಹೋದದ್ದು. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮದುವೆ ಹಾಲಿನ ಬಾಗಿಲಲ್ಲಿ ಬಂದವರಿಗೆ ಪನ್ನೀರು ಚಿಮುಕಿಸಲು ಮಗನನ್ನು ನಿಲ್ಲಿಸಿದ್ದರು. ನನ್ನ ದೂರದ ಸಂಬಂಧದ ದೊಡ್ಡಮ್ಮ ಒಬ್ಬರು, ನಮ್ಮನ್ನು ಕಾಣದೆ ವರ್ಷಗಳಾಗಿದ್ದವು, ಅವನ ತಲೆ ನೋಡಿ ಅಲ್ಲೇ ನಿಂತರು. ಅವನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಯಾವಾಗ ಮಗಾ?"

ತನ್ನ ಕೂದಲಿಗಾಗಿ ಅಳುವವರು ಜಗತ್ತಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಮಗನೂ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡನಂತೆ.

"ರಜೆಯಲ್ಲಿ ಅಜ್ಜಿ. ತಿರುಪತಿಯಲ್ಲಿ."

"ಅಷ್ಟು ದೂರದಲ್ಲಾ? ತುಂಬ ಕಷ್ಟವಾಯಿತಾ?"

"ಇಲ್ಲ. ಕೂತಲ್ಲೇ ಆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು."

"ಮನೆಯವರು ಯಾರೂ ಹತ್ತಿರ ಇರಲಿಲ್ಲವಾ?"

"ಹೆಡ್ ಮಾಸ್ಟರರು ಇದ್ದರು."

ದೊಡ್ಡಮ್ಮ ಅಲ್ಲಿಂದ ನೇರವಾಗಿ ನನ್ನ ಹತ್ತಿರ ಬಂದರು. ನಾನು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ನಿಂತಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸಿಟ್ಟಾ ದುಃಖವಾ ನನಗೆ ತಿಳಿಯಲಿಲ್ಲ.

"ಕಾಲ ಕೆಟ್ಟಿತು ಮಗಾ" ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ನಮ್ಮವರು, ಹಣೆಯ ಮೇಲೆ ಆ ಸುರುಳಿ ಇಳಿಬಿಟ್ಟುಕೊಂಡು, "ಎಲೆ ಹಾಕಿದರಾ? ನನಗೆ ಹಸಿವೆ ತಡೆಯುವುದಿಲ್ಲ" ಎಂದು ಬಂದು ಅವರ ಎದುರು ನಿಂತರು. ದೊಡ್ಡಮ್ಮ ಪಕ್ಕದ ಕುರ್ಚಿಯ ಮೇಲೆ ಕುಸಿದು ಕುಳಿತವರು ಊಟ ಮುಗಿಯುವವರೆಗೂ ನಮ್ಮವರನ್ನೇ ನೋಡುತ್ತಿದ್ದರು. ಹೋಳಿಗೆ ತಿನ್ನುವುದನ್ನು ಕಂಡ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು.

ಆ ಕಲರ್ ಫೋಟೋ ಈಗಲೂ ಉಂಟು. ಮಗ ಅದರಲ್ಲಿ ಕೊನೆಯ ಸಾಲಿನಲ್ಲಿ, ಒಬ್ಬರ ರುಮಾಲಿನ ಹಿಂದೆ ಇದ್ದಾನೆ. ಕಿವಿ ಮಾತ್ರ ಕಾಣುತ್ತದೆ, ಎರಡೂ.

ಇನ್ನೊಂದು

ಮದುವೆಯಿಂದ ಬಂದ ಮೇಲೆ ಅವನು ಕನ್ನಡಿಯ ಹತ್ತಿರ ಹೋಗುವುದನ್ನೇ ಬಿಟ್ಟ. ಅತ್ತೆ ಎರಡು ಮೂರು ಸಲ ಆ ತಲೆಯನ್ನು ಸವರಿ ಒಳಗೆ ಹೋದರು.

ಆ ವಾರವೇ ಹೆಡ್ ಮಾಸ್ಟರರು ನಮ್ಮ ಬೀದಿಯಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತರು. ಮಗನನ್ನು ನೋಡಿ ಬಹಳ ಸಂತೋಷಪಟ್ಟರು.

"ಈಗ ನೋಡಿ, ಎಷ್ಟು ಲಕ್ಷಣ. ಇನ್ನು ಹೀಗೇ ಇರಲಿ. ತಿಂಗಳಿಗೊಮ್ಮೆ ಕತ್ತರಿಸಿ ಕಳಿಸಿ."

"ಅದು ಆಗುವುದಿಲ್ಲ ಮಾಸ್ಟ್ರೇ" ಎಂದರು ಅತ್ತೆ, ಬಹಳ ಗಂಭೀರವಾಗಿ. "ಇವನ ತಲೆಯ ಮೇಲೆ ಇನ್ನೊಂದು ಹರಕೆ ಉಂಟು. ಧರ್ಮಸ್ಥಳದ್ದು. ಎಸೆಸೆಲ್ಸಿ ಪಾಸಾದ ಮೇಲೆ ಮುಡಿ ಕೊಡುವುದು ಅಂತ. ಅಲ್ಲಿವರೆಗೆ ಕತ್ತರಿ ತಾಗಿಸುವ ಹಾಗಿಲ್ಲ."

ಹೆಡ್ ಮಾಸ್ಟರರು ತಮ್ಮ ಬೋಳು ತಲೆಯನ್ನೊಮ್ಮೆ ಮುಟ್ಟಿಕೊಂಡು, ಕೈ ಮುಗಿದು, ಹೋದರು. ಮಗ ಬಾಚಣಿಗೆ ಹುಡುಕಲು ಒಳಗೆ ಓಡಿದ. ಬಾಚಲು ಇನ್ನೂ ಏನೂ ಇರಲಿಲ್ಲ.

"ಹಾಗಾದರೆ ಇವನು ಪಾಸಾದ ಹಾಗೆಯೇ" ಎಂದರು ನಮ್ಮವರು. "ಪಾಸಾದರೆ ಕೂದಲು ಹೋಗುತ್ತದಲ್ಲ."

ನಾನು ಅತ್ತೆಯ ಹಿಂದೆಯೇ ಒಳಗೆ ಹೋದೆ. ಈ ಮನೆಗೆ ಬಂದು ಇಷ್ಟು ವರ್ಷಗಳಾದರೂ ಈ ಹರಕೆಯ ಸುದ್ದಿ ನಾನು ಕೇಳಿದವಳಲ್ಲ. ಹಾಗಾಗಿ ಕೇಳಿದೆ.

"ಅತ್ತೆ, ಇದನ್ನು ಯಾವಾಗ ಹೇಳಿಕೊಂಡದ್ದು ನೀವು?"

ಅವರು ಅರಶಿನದ ಬಟ್ಟೆಯ ಇನ್ನೊಂದು ತುಂಡನ್ನು ಹರಿಯುತ್ತಿದ್ದರು.

"ಈಗ ಹೇಳಿದೆನಲ್ಲ, ಗೇಟಿನ ಹತ್ತಿರ. ನೀನೂ ಅಲ್ಲೇ ಇದ್ದೆಯಲ್ಲ ಮಗಾ."