ಮೇಸ್ತ್ರಿ ಬಿಟ್ಟುಹೋದ ಥಾಪಿ

ಸಮಾಜದಲ್ಲಿ ಎಲ್ಲರಿಗಿಂತ ಹೆಚ್ಚಿನ ಪಗಾರ ಯಾರಿಗೆ ಸಲ್ಲಬೇಕು ಎಂದು ಕೇಳಿದರೆ, ಉಮರ್ಗಾದ ಶಾಲೆಯಲ್ಲಿ ಇತಿಹಾಸ ಕಲಿಸುವ ನಾನು ಮೊದಲೆಲ್ಲ ಎದೆಯುಬ್ಬಿಸಿ "ಮಾಸ್ತರನಿಗೆ" ಎನ್ನುತ್ತಿದ್ದೆ. ಈ ವಿಷಯದ ಚರ್ಚಾಸ್ಪರ್ಧೆಯಲ್ಲಿ ಡಾಕ್ಟರರ ಪರ ಮಾತಾಡಿದ ಮಕ್ಕಳಿಗೆ ನನ್ನ ಕೈಯಿಂದ ಬಹುಮಾನ ಸಿಕ್ಕಿದ್ದೇ ಇಲ್ಲ. ಆದರೆ ಮನೆ ಕಟ್ಟಿಸಲು ಕೈ ಹಾಕಿದ ಮೇಲೆ ನಾನು ಪಕ್ಷ ಬದಲಿಸಿದೆ. ಈಗ ಯಾರು ಏನೇ ಅನ್ನಲಿ, ಹೆಚ್ಚಿನ ಪಗಾರ ಗೋಡೆ ಕಟ್ಟುವ ಮೇಸ್ತ್ರಿಗೇ. ಊರೂರೇ ನೆಲಸಮವಾದ ಆ ಭೂಕಂಪದ ಮರುವರ್ಷ ನಮ್ಮ ಸೀಮೆಯಲ್ಲಿ ತಹಸೀಲ್ದಾರರ ಭೇಟಿಯಾದರೂ ಆದೀತು, ಮೇಸ್ತ್ರಿಯ ಭೇಟಿ ಆಗುತ್ತಿರಲಿಲ್ಲ.

ಆಗ ಕಲ್ಲುಮಣ್ಣಿನ ಗೋಡೆಗಳ ನಡುವೆ ಮಲಗಲು ಯಾರಿಗೂ ಧೈರ್ಯವಿರಲಿಲ್ಲ. ಎಲ್ಲರಿಗೂ ಇಟ್ಟಿಗೆ ಸಿಮೆಂಟಿನ ಮನೆಯೇ ಬೇಕು, ಅದೂ ನಾಳೆಯೇ ಬೇಕು. ನಮಗಂತೂ ಇನ್ನೂ ಅವಸರ. ಹೆಂಡತಿ ಕಮಲಾಗೆ ದಿನ ತುಂಬುತ್ತ ಬಂದಿತ್ತು. ಅವಳ ತವರುಮನೆ ನೆಲಕಚ್ಚಿ, ಜೀವ ಉಳಿದದ್ದೇ ಪುಣ್ಯವೆಂದು ಅವರೆಲ್ಲ ತಗಡಿನ ಶೆಡ್ಡಿನಲ್ಲಿದ್ದರು. ಬಾಣಂತನ ನಮ್ಮಲ್ಲೇ ಆಗಬೇಕಿತ್ತು. "ಕಲ್ಲಿನ ಮನ್ಯಾಗ ನಾ ಕೂಸಿನ್ನ ಮಲಗಸಂಗಿಲ್ಲ ನೋಡ್ರಿ. ಸ್ಲ್ಯಾಬ್ ಹಾಕಸ್ತೀರೋ, ಬಯಲಾಗ ತೊಟ್ಟಿಲಾ ಕಟ್ಟತೀರೋ, ನೀವೇ ಹೇಳ್ರಿ" ಎಂದಳು. ಅಂತೂ ಹುಡುಕಿ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದೆ.

ನಮ್ಮ ಮೇಸ್ತ್ರಿ ಶರಣಪ್ಪ ಒಂದು ಸಾಲು ಇಟ್ಟಿಗೆ ಇಟ್ಟು, ಚಹಾ ಕುಡಿದು, "ಈಗ ಬಂದೆ ರೀ ಸರ" ಎಂದು ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಆದರೆ ಹೋಗುವಾಗ ಗಾರೆ ಬಳಿಯುವ ಥಾಪಿಯನ್ನು ನಮ್ಮಲ್ಲೇ ಬಿಟ್ಟಿರುತ್ತಿದ್ದ. ಥಾಪಿಯಿಲ್ಲದ ಮೇಸ್ತ್ರಿ ಎಲ್ಲಿ ಹೋದಾನು? ಕಮಲಾಳ ಮದುವೆ ಸೀರೆಗಳ ನಡುವೆ ಅದನ್ನಿಟ್ಟು ಟ್ರಂಕಿಗೆ ಕೀಲಿ ಜಡಿದೆ. ಈ ನನ್ನ ಜಾಣತನವನ್ನು ಹಿಂದಿನ ಓಣಿಯ ಕಿರಾಣಿ ಅಂಗಡಿಯ ವಿಠಲರಾಯರಿಗೆ ಹೇಳಿದರೆ ಅವರ ಮುಖ ಸಪ್ಪಗಾಯಿತು. "ಸರ, ನಮ್ಮ ಮನ್ಯಾಗೂ ಅಂವಂದೊಂದ ಥಾಪಿ ಅದ. ನಾ ದೇವರ ಕಪಾಟನ್ಯಾಗ ಇಟ್ಟು ಕೀಲಿ ಹಾಕೀನಿ" ಎಂದರು.

ಸಿಟ್ಟು ನೆತ್ತಿಗೇರಿತು. ಮರುದಿನ ಮಧ್ಯಾಹ್ನ ಸೈಕಲ್ ಹತ್ತಿ ಊರೆಲ್ಲ ಜಾಲಾಡಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಯಾರದೋ ಗೋಡೆಯ ಮೇಲೆ ಶರಣಪ್ಪ ಕೂತಿದ್ದ, ಕೈಯಲ್ಲಿ ಹೊಚ್ಚಹೊಸ ಥಾಪಿ. "ಊರ ತುಂಬ ಥಾಪಿ ಇಟ್ಟು ಮಂದೀನ ನಂಬಸ್ತೀಯೇನೋ? ಸ್ಲ್ಯಾಬ್ ಆಗೋತನಕಾ ನಿನ್ನ ಬಿಡಂಗಿಲ್ಲ, ಇಳಿ ಕೆಳಗ!" ಎಂದು ಗುಡುಗಿದೆ. ಇಳಿದ. ಅಂದಿನಿಂದ ಬೆನ್ನು ಬಿಡದೆ ದುಡಿಸಿ, ಕೂಸು ಬರುವ ಮೊದಲೇ ಸ್ಲ್ಯಾಬ್ ಹಾಕಿಸಿದೆನೆನ್ನುವುದು ನಿಜ. ಆದರೆ ಅವತ್ತು ಅವನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಯುದ್ಧ ಗೆದ್ದವನಂತೆ ಬರುತ್ತಿದ್ದಾಗ ಹಿಂದಿನಿಂದ ಕೇಳಿದ:

"ಸರ, ಇವತ್ತ ಶಾಲಿ ಸೂಟಿ ಏನ್ರೀ?"

"ಇಲ್ಲೋ, ಶಾಲಿ ಅದ."

"ಮತ್ತ ಹೆಡ್‌ಮಾಸ್ತರ ಏನೂ ಅನ್ನಂಗಿಲ್ಲೇನ್ರೀ?"

"ಯಾಕ ಅಂತಾರ? ಟೇಬಲ್ ಮ್ಯಾಲ ಛತ್ರಿ ಇಟ್ಟು ಬಂದೀನಿ."

ಶರಣಪ್ಪ ಕ್ಯಾರಿಯರ್ ಮೇಲೆ ಸರಿದು ಕೂತ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ಮತ್ತ ಪಗಾರ ಯಾರ್ ತಗೋತಾರ್ರೀ ಸರ, ನೀವೋ, ಛತ್ರಿಯೋ?"

ನಾನು ಇನ್ನೂ ಜೋರಾಗಿ ಪೆಡಲ್ ತುಳಿದೆ.