ಅರಿಶಿನ ಮೆತ್ತಿದ ಕಾಲು, ಹೆಪ್ಪುಗಟ್ಟಿದ ರಕ್ತ

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿ ಯಾರು ಸೀನಿದರೂ ಔಷಧಿ ಹೇಳುವ ಅಧಿಕಾರ ನನ್ನದು. ಹಾಗಾಗಿ ಹಿತ್ತಲಿನ ಹಳೇ ತಗಡು ನನ್ನದೇ ಕಾಲಿಗೆ ಗೀರಿದಾಗ ನಾನು ಕಿಂಚಿತ್ತೂ ವಿಚಲಿತಳಾಗಲಿಲ್ಲ. ಒಂದು ಹಿಡಿ ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ, ಚಿಕಿತ್ಸೆ ಯಶಸ್ವಿಯಾಗಿದೆ ಎಂದು ಘೋಷಿಸಿದೆ.

ಯಜಮಾನರು ಊರಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುವವರು. "ಕಾಲು ಊದೈತೆ, ಡಾಕ್ಟ್ರಿಗೆ ತೋರ್ಸಾಣ ಬಾ" ಎಂದರು.

"ಬ್ಯಾಡ್ರಿ. ಊದಿದ್ರೆ ಕೆಟ್ಟದ್ದು ಹೊರಗೆ ಹೋಗ್ತೈತೆ ಅಂತ ಅರ್ಥ."

ಇದನ್ನು ನಾನು ಎಲ್ಲಿ ಓದಿದ್ದೆ? ಎಲ್ಲೂ ಇಲ್ಲ!

ಮರುದಿನ ಹರಿಹರದಲ್ಲಿ ಅಕ್ಕನ ಮಗಳು ಕಾವ್ಯಳ ಕುಬುಸ. ಚೊಚ್ಚಲ ಬಸುರಿಗೆ ಚಿಕ್ಕಮ್ಮನೇ ಆರತಿ ಎತ್ತದಿದ್ದರೆ ಹೇಗೆ? ಊದಿದ ಕಾಲು ನನ್ನ ಚಪ್ಪಲಿಯೊಳಗೆ ಹೋಗಲಿಲ್ಲ. ಇಳಕಲ್ ಸೀರೆಯ ಕೆಳಗೆ ಯಜಮಾನರ ಚಪ್ಪಲಿ ಮೆಟ್ಟಿ, ಅವರ ಜೊತೆಗೇ ಹೊರಟೆ.

ಅಕ್ಕನ ಮನೆ ತಲುಪುವಷ್ಟರಲ್ಲಿ ಮೈ ಗಡಗಡ ನಡುಗುತ್ತಿತ್ತು. "ಹೊಳೆ ಗಾಳಿ" ಎಂದೆ.

"ಕಿಟಕಿ ಎಲ್ಲಾ ಮುಚ್ಚೈತಲ್ಲೇ! ಎಲ್ಲಿ ಗಾಳಿ?" ಎಂದಳು ಅಕ್ಕ.

ಆಮೇಲೆ ನಡೆದದ್ದು ನನಗೆ ಮಸುಕು ಮಸುಕು. ಕಾವ್ಯಾ ಹಸಿರು ಸೀರೆಯುಟ್ಟು ಕುಳಿತಿದ್ದಳು. ನಾನು ಗಂಭೀರವಾಗಿ ಅವಳನ್ನು ದಾಟಿ ಹೋಗಿ, ಆಚೆ ಹಸಿರು ಅಂಗಿ ತೊಟ್ಟು ಕುಳಿತಿದ್ದ ಅವಳ ಮಾವನಿಗೆ ಕುಂಕುಮ ಹಚ್ಚಿ, ಬಳೆ ತೊಡಿಸಲು ಕೈ ಹಿಡಿದೆನಂತೆ!

"ನಂಗ್ಯಾಕ್ರಿ ಅಕ್ಕಾರೇ!" ಎಂದು ಮೀಸೆಯ ಬೀಗರು ಬೆವೆತರು. ಮನೆ ತುಂಬ ನಗು. ಯಜಮಾನರು ಮಾತ್ರ ನಗಲಿಲ್ಲ.

"ನಡಿ, ಆಸ್ಪತ್ರೆಗೆ ಹೋಗಾಣ."

"ಹೂಂ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. "ಒಂದೇ ಮಾತಿಗೆ ಒಪ್ಪಿದ್ಲು! ಜೀವಕ್ಕೇ ಬಂದೈತೆ, ಲಗೂನ ಕಾರ್ ತಗೀರಿ!"

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲಿನ ಮೇಲೆ ಎದ್ದಿದ್ದ ನೇರಳೆ ಕಲೆಗಳನ್ನೂ ವಸಡಿನಿಂದ ಒಸರುತ್ತಿದ್ದ ರಕ್ತವನ್ನೂ ನೋಡಿದವರೇ ಡ್ರಿಪ್ ಹಾಕಿಸಿ, ಆ್ಯಂಟಿಬಯಾಟಿಕ್ ಶುರು ಮಾಡಿದರು. ಆಮೇಲೆ ಯಜಮಾನರಿಗೆ ವಿವರಿಸಿದರು: "ಗಾಯದಾಗಿನ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರೈತ್ರಿ. ರಕ್ತನಾಳದ ಒಳಗೆ ತೆಳ್ಳನೆಯ ಜೀವಕೋಶಗಳ ಪದರ ಇರ್ತೈತೆ. ರಕ್ತ ಸರಾಗ ಹರಿಯಂಗೆ ನೋಡ್ಕಳ್ಳೋದು ಅದೇ. ವಿಷ ತಾಗಿದ್ರೆ ಆ ಕೋಶಗಳೇ ಹೆಪ್ಪುಗಟ್ಟಿಸೋಕೆ ಶುರು ಮಾಡ್ತಾವೆ. ಸಣ್ಣ ಸಣ್ಣ ನಾಳದಾಗೆಲ್ಲಾ ಹೆಪ್ಪು."

"ಹೆಪ್ಪುಗಟ್ಟಿದ್ರೆ ವಸಡಿಂದ ಯಾಕ್ರಿ ರಕ್ತ ಬರ್ತೈತೆ?"

"ಹೆಪ್ಪುಗಟ್ಟಿಸೋ ಸಾಮಾನೆಲ್ಲಾ ಒಳಗೇ ಖರ್ಚಾಗಿ ಹೋಗೈತಲ್ರಿ. ಹೊರಗೆ ತಡಿಯೋಕೆ ಏನೂ ಉಳಿದಿಲ್ಲ."

ಅಷ್ಟರಲ್ಲಿ ನಾನು ಕಣ್ಣು ಬಿಟ್ಟು, "ರೀ, ಮನ್ಯಾಗೆ ಹಾಲಿಗೆ ಹೆಪ್ಪು ಹಾಕಿಲ್ಲ!" ಎಂದೆನಂತೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಯಜಮಾನರು ಆಗ ಅತ್ತುಬಿಟ್ಟರು ಎಂದು ಅಕ್ಕ ಹೇಳಿದಳು.

ಯಾರ್‍ಯಾರೋ ಕೊಟ್ಟ ರಕ್ತದ ಪ್ಲಾಸ್ಮಾ, ಆ ಖರ್ಚಾದ ಸಾಮಾನು ತುಂಬಲು, ನನ್ನೊಳಗೆ ಇಳಿಯಿತು. ಅವರ ಹೆಸರು ಸಹ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ತಣ್ಣಗಿರಲಿ.

ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರಮ್ಮ ಕೇಳಿದರು, "ಮೊದ್ಲು ಅರಿಶಿನ ಹಚ್ಚಿದ್ದು ಯಾರ್‍ರೀ?"

ಯಜಮಾನರು ನನ್ನ ಮಾನ ಉಳಿಸಲು, "ನಮ್ಮ ಏರಿಯಾದಾಗೆ ಒಬ್ರು ಅದಾರೆ" ಎಂದರು.

"ಅವ್ರ ಕಡೆ ಮತ್ತೆ ಹೋಗ್ಬ್ಯಾಡ್ರಿ. ಒಂದಿನ ತಡ ಆಗಿದ್ರೆ ಕಷ್ಟ ಇತ್ತು."

ನಾನು ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡೆ.

ಐಸಿಯುನಿಂದ ವಾರ್ಡಿಗೆ ಬಂದ ಮಧ್ಯಾಹ್ನ, ಮಂಚದ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದ ಯಜಮಾನರತ್ತ ನೋಡಿ ಎದೆ ತುಂಬಿ ಬಂತು. ಮದುವೆಯಾದಾಗಿನಿಂದ ಹೇಳದೇ ಇದ್ದದ್ದನ್ನೆಲ್ಲ ಹೇಳಿದೆ. "ನೀವಿಲ್ದಿದ್ರೆ ನಾನು ಉಳೀತಿರ್ಲಿಲ್ಲ. ಇಷ್ಟು ವರ್ಷ ನಿಮ್ಮ ಮಾತು ಕೇಳ್ಲಿಲ್ಲ. ಇನ್ಮ್ಯಾಲೆ ನೀವು ಹೇಳ್ದಂಗೇ ಕೇಳ್ತೀನಿ." ಹೇಳುತ್ತಾ ಹೇಳುತ್ತಾ ಬಿಕ್ಕಿದೆ.

"ಆತು ಬಿಡವ್ವ, ಅಳಬ್ಯಾಡ" ಎಂದಿತು ಒಂದು ದನಿ. ಪಕ್ಕದ ಮಂಚದ ಅಜ್ಜಿ! ಯಜಮಾನರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

ನನ್ನ ಬಿಕ್ಕಿಗೋ ಏನೋ, ಬೆಚ್ಚಿ ಎದ್ದರು. "ಏನಾರ ಅಂದ್ಯೇನು?"

"ಕುತ್ತಿಗೆ ಹಿಡ್ಕಂತೈತೆ, ನೆಟ್ಟಗೆ ಕೂಡ್ರಿ ಅಂದೆ" ಎಂದೆ.